ಹಳೆಯ ಟ್ರೆಕ್ಕಿಂಗ್ ಬೂಟಿಗೆ ಮನೆಯಲ್ಲೇ ಹೊಸ ಅಟ್ಟೆ

ಎರಡು ವರ್ಷ ಡಬ್ಬಿಯೊಳಗೇ ಇದ್ದ ಬೂಟು. ಚರ್ಮ ಗಟ್ಟಿ, ಹೊಲಿಗೆ ಗಟ್ಟಿ, ಕೆಳಗಿನ ರಬ್ಬರಿನ ಹಲ್ಲು ಅರ್ಧವೂ ಸವೆದಿಲ್ಲ. ಅದನ್ನು ಹಾಕಿಕೊಂಡು ಕಪ್ಪತಗುಡ್ಡದ ಅರ್ಧ ಏರುವಷ್ಟರಲ್ಲಿ ಹಿಮ್ಮಡಿಯ ಕಡೆ ಅಟ್ಟೆ ಬಾಯಿ ಬಿಡುತ್ತದೆ. ಇನ್ನೊಂದು ನೂರು ಹೆಜ್ಜೆಗೆ ಪೂರ್ತಿ ಕಳಚಿ ಕೈಗೆ ಬರುತ್ತದೆ. ನಡುವಿದ್ದ ಫೋಮು ಹಳೆಯ ರೊಟ್ಟಿಯಂತೆ ಪುಡಿಪುಡಿ ಉದುರುತ್ತದೆ. ಊರಿಗೆ ಬಂದವರು ಹೆಚ್ಚಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ: ಬೂಟು ಎಸೆಯುತ್ತಾರೆ, ಇಲ್ಲವೇ ಅದೇ ಪುಡಿಯ ಮೇಲೆ ಅಂಟು ಸುರಿದು ಒತ್ತುತ್ತಾರೆ. ಎರಡೂ ಬೇಕಿಲ್ಲ. ಸತ್ತದ್ದು ನಡುವಿನ ಫೋಮು ಮಾತ್ರ. ಅದನ್ನು ಒಂದು ಚೂರೂ ಬಿಡದೆ ತೆಗೆದು, ಅದೇ ದಪ್ಪದ ಬೇರೆ ಫೋಮು ಕೂರಿಸಿದರೆ ಬೂಟು ಮತ್ತೆ ನಾಲ್ಕೈದು ಮಳೆಗಾಲ ನಡೆಯುತ್ತದೆ. ಕೈಗೆ ಹಿಡಿದರೆ ಮೂರು ದಿನದ ಕೆಲಸ. ಅದರಲ್ಲಿ ಎರಡು ದಿನ ಒಣಗಲು ಬಿಡುವುದೇ ಆಗಿರುತ್ತದೆ.

ಫೋಮು ಯಾಕೆ ಪುಡಿಯಾಗುತ್ತದೆ

ಟ್ರೆಕ್ಕಿಂಗ್ ಬೂಟುಗಳ ನಡುವಿನ ಪದರ ಬಹಳಷ್ಟು ಸಲ ಪಾಲಿಯುರೆಥೇನ್, ಅಂದರೆ ಪಿಯು ಫೋಮಿನದು. ಗಾಳಿಯಲ್ಲಿರುವ ನೀರಿನ ಆವಿ ಈ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಗಳನ್ನು ನಿಧಾನಕ್ಕೆ ಕತ್ತರಿಸುತ್ತ ಹೋಗುತ್ತದೆ. ಹೈಡ್ರಾಲಿಸಿಸ್ ಎಂದು ಕರೆಯುವುದು ಇದನ್ನೇ. ಬೂಟು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೇ ಇದು ಶುರು. ನೀವು ನಡೆಯದೆ ಇಟ್ಟರೂ ಇದು ನಿಲ್ಲುವುದಿಲ್ಲ. ಸಾಮಾನ್ಯವಾಗಿ 5ರಿಂದ 10 ವರ್ಷದೊಳಗೆ ಫೋಮು ಕೈಕೊಡುತ್ತದೆ. ಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇಟ್ಟರೆ ಇನ್ನೂ ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಮನೆಯಲ್ಲಿ ಪಾಲಿಥಿನ್ ಚೀಲದೊಳಗೆ ಕಟ್ಟಿಟ್ಟ ಬೂಟು ಎಂದರೆ ಇಷ್ಟೂ ಒಟ್ಟಿಗೆ ಸಿಕ್ಕಂತೆ. ಆಗಾಗ ಹಾಕಿಕೊಂಡು ನಡೆಯುವ ಬೂಟೇ ಹೆಚ್ಚು ಬಾಳುತ್ತದೆ.

ಹೊಸ ಫೋಮಿಗೆ ನಾವು ಇವಿಎ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್ ಫೋಮಿನ ಹಾಳೆ ಹಿಡಿಯುವುದು ಇದೇ ಕಾರಣಕ್ಕೆ. ಇವಿಎ ನೀರಿಗೆ ಹೀಗೆ ಕರಗಿ ಪುಡಿಯಾಗುವುದಿಲ್ಲ. ಅದರ ದೋಷ ಬೇರೆ: ಭಾರಕ್ಕೆ ಕುಗ್ಗುತ್ತ ಹೋಗುತ್ತದೆ, ಒಮ್ಮೆ ಕುಗ್ಗಿದರೆ ಪೂರ್ತಿ ಮೇಲೇಳುವುದಿಲ್ಲ. ಆದರೆ ಕುಗ್ಗುವುದು ನಿಧಾನದ ಮಾತು. ಗುಡ್ಡದ ನಡುವೆ ಒಮ್ಮೆಲೇ ಕಳಚಿ ಬೀಳುವ ಭಯ ಇಲ್ಲ.

ಯಾವ ಬೂಟಿಗೆ ಈ ಶ್ರಮ ಹಾಕಬೇಕು

ಹೆಬ್ಬೆರಳ ಉಗುರಿನಿಂದ ಫೋಮನ್ನು ಪಕ್ಕದಿಂದ ಒತ್ತಿ. ಒತ್ತಿದ ಗುರುತು ಹಾಗೆಯೇ ಉಳಿದು ಅಂಚಿನಲ್ಲಿ ಪುಡಿ ಬಂದರೆ ಅದರ ಕಾಲ ಮುಗಿಯಿತು. ಆಮೇಲೆ ಬೂಟನ್ನು ಬೆರಳಿನ ಬುಡದ ಹತ್ತಿರ 20 ಸಲ ಮಡಿಸಿ ನೋಡಿ. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕಿನ ಗೆರೆಗಳು ಕಂಡರೆ, ಇನ್ನೂ ಕಳಚದಿದ್ದರೂ ಅದನ್ನು ಹಾಕಿಕೊಂಡು ದೂರ ಹೋಗಬೇಡಿ. ಒಂದು ಕಾಲಿನದು ಹೋದರೆ ಇನ್ನೊಂದು ಕಾಲಿನದೂ ಕೆಲವೇ ದಿನದಲ್ಲಿ ಹೋಗುತ್ತದೆ. ಎರಡನ್ನೂ ಕೂಡಿಯೇ ಮಾಡಿ.

ಮೇಲಿನ ಭಾಗ, ಅಂದರೆ ಅಪ್ಪರ್, ಚೆನ್ನಾಗಿರಬೇಕು. ಬೆರಳು ಮಡಿಯುವ ಜಾಗದಲ್ಲಿ ಚರ್ಮ ಸೀಳಿದ್ದರೆ, ಒಳಗಿನ ತಳದ ಹಲಗೆ (ಅಪ್ಪರ್ ಸುತ್ತಲೂ ಇದರ ಮೇಲೆಯೇ ಮಡಿಸಿ ಅಂಟಿಸಿರುತ್ತಾರೆ) ನೀರು ಕುಡಿದು ಮೆತ್ತಗಾಗಿದ್ದರೆ, ಹೊಸ ಅಟ್ಟೆ ಹಚ್ಚಿಯೂ ಉಪಯೋಗವಿಲ್ಲ. ಬೆರಳಿನಿಂದ ಒತ್ತಿದರೆ ಹಲಗೆ ಗಟ್ಟಿ ರಟ್ಟಿನಂತೆ ನಿಲ್ಲಬೇಕು.

ಹಿಮಾಲಯದ ಕಡೆ ಹೋಗಿಬಂದವರ ಹತ್ತಿರ ಹಳೆಯ ಪ್ಲಾಸ್ಟಿಕ್ ಚಿಪ್ಪಿನ ಡಬಲ್ ಬೂಟು ಇರುತ್ತದೆ, ಸ್ಕೀ ಬೂಟಿನ ಹಾಗೆ ಹೊರಗೆ ಗಟ್ಟಿ ಚಿಪ್ಪು, ಒಳಗೆ ಬಿಡಿಸಿ ತೆಗೆಯುವ ಮೆತ್ತನೆ ಬೂಟು. ಅಂಥದಕ್ಕೆ ಈ ವಿಧಾನ ಬೇಡ. ಆ ಚಿಪ್ಪೂ ವಯಸ್ಸಾದಂತೆ ಬಿರುಸಾಗುತ್ತದೆ, ಹೊರಗೆ ಏನೂ ಕಾಣಿಸದೆಯೇ ಚಳಿಯಲ್ಲಿ ಒಮ್ಮೆಲೇ ಒಡೆಯುತ್ತದೆ. ಒಳಬೂಟನ್ನು ಉಳಿಸಿಕೊಳ್ಳಿ, ಹಳೆಯ ಚಿಪ್ಪನ್ನು ನಂಬಿ ಹಿಮಕ್ಕೆ ಹೋಗಬೇಡಿ.

ಸಾಮಾನು

8ನೇ ನಂಬರಿನ ಒಂದು ಜೊತೆಗೆ ಬೇಕಾದ ಲೆಕ್ಕ ಇದು. 12 ಮಿಲಿಮೀಟರ್ ದಪ್ಪದ ಇವಿಎ ಹಾಳೆ 35 × 30 ಸೆಂಟಿಮೀಟರ್. ಹಿಮ್ಮಡಿ ಎತ್ತರಿಸಲು 10 ಮಿಲಿಮೀಟರ್ ದಪ್ಪದ್ದು 20 × 20 ಸೆಂಟಿಮೀಟರ್. ಹಾಳೆ ಕೊಳ್ಳುವಾಗ ಗಡಸುತನ ನೋಡಬೇಕು. ಅಂಗಡಿಯವರಿಗೆ ನಂಬರು ಗೊತ್ತಿದ್ದರೆ ಶೋರ್ ಎ 50ರಿಂದ 55 ಎಂದು ಕೇಳಿ. ಗೊತ್ತಿಲ್ಲದಿದ್ದರೆ ಹಾಳೆಯ ಅಂಚನ್ನು ಎರಡು ಬೆರಳಲ್ಲಿ ಜೋರಾಗಿ ಹಿಚುಕಿ: ಅರ್ಧಕ್ಕೆ ಕುಗ್ಗಿದರೆ ಅದು ಮನೆಯೊಳಗಿನ ಚಪ್ಪಲಿಗೆ, ಇಲ್ಲವೇ ಯೋಗದ ಚಾಪೆಗೆ ಆಗುವ ಮಾಲು. ಕಷ್ಟಪಟ್ಟು ಒಂದೆರಡು ಮಿಲಿಮೀಟರ್ ಒಳಹೋದರೆ ಅದೇ ಬೇಕಾದದ್ದು. ಮೆತ್ತನೆಯ ಇವಿಎ ಮೊದಲ ದಿನ ಹಿತವಾಗಿರುತ್ತದೆ. ತಿಂಗಳೊಳಗೆ ಹಿಮ್ಮಡಿಯ ಒಂದು ಬದಿ ಕುಸಿದು ಕಾಲು ಹೊರಳುತ್ತದೆ.

ಹಳೆಯ ರಬ್ಬರ್ ಅಟ್ಟೆಯ ಹಲ್ಲು 3 ಮಿಲಿಮೀಟರಿಗಿಂತ ಹೆಚ್ಚು ಉಳಿದಿದ್ದರೆ ಅದನ್ನೇ ಮತ್ತೆ ಹಚ್ಚಬಹುದು. ಬಹಳಷ್ಟು ಬೂಟುಗಳಲ್ಲಿ ರಬ್ಬರು ಚೆನ್ನಾಗಿಯೇ ಇರುತ್ತದೆ, ದುಡ್ಡೂ ಉಳಿಯುತ್ತದೆ. ಹೊಸದು ಬೇಕಾದರೆ ಹುಬ್ಬಳ್ಳಿಯ ದುರ್ಗದಬೈಲ್ ಕಡೆ, ಧಾರವಾಡದ ಸುಭಾಸ ರಸ್ತೆ ಕಡೆ ಹೋದಾಗ ಚಪ್ಪಲಿ ಸಾಮಾನು ಮಾರುವ ಅಂಗಡಿ ಯಾವುದೆಂದು ಮೋಚಿಗಳನ್ನೇ ಕೇಳಿ. ಅವರು ಕೊಳ್ಳುವ ಅಂಗಡಿಯಲ್ಲಿಯೇ ನಿಮಗೂ ಸರಿಯಾದ ಮಾಲು ಸಿಗುತ್ತದೆ. ನಮ್ಮ ನೆಲಕ್ಕೆ ಅಟ್ಟೆ ಆರಿಸುವಾಗ ಎರಡು ಮಾತು ನೆನಪಿಡಿ. ಎರೆ ಹೊಲದಲ್ಲಿ ಮಳೆಯಾದ ಮೇಲೆ ನಡೆಯುವವರಿಗೆ ಹಲ್ಲುಗಳ ನಡುವೆ ಅಗಲ ಸಂದು ಇರಬೇಕು. ಒತ್ತೊತ್ತಾದ ಹಲ್ಲಿನೊಳಗೆ ಎರೆಮಣ್ಣು ಮೆತ್ತಿಕೊಂಡು ಹತ್ತು ಹೆಜ್ಜೆಗೆ ಅಟ್ಟೆಯೇ ನುಣುಪಾಗುತ್ತದೆ, ಒಂದೊಂದು ಕಾಲೂ ಕಲ್ಲು ಕಟ್ಟಿದಂತೆ ಭಾರವಾಗುತ್ತದೆ. ಇನ್ನೊಂದು, ಬಳ್ಳಾರಿ ಜಾಲಿಯ ಮುಳ್ಳು. ಬರೀ ಇವಿಎ ಅಟ್ಟೆಯನ್ನು ಅದು ಬೆಣ್ಣೆಗೆ ಚುಚ್ಚಿದಂತೆ ಚುಚ್ಚಿ ಒಳಗೆ ಬರುತ್ತದೆ. ಹಗುರ ಎಂದು ರಬ್ಬರು ಬಿಡಬೇಡಿ, ಹಲ್ಲು ಬಿಟ್ಟು ಬರೀ ತಳವೇ 4 ಮಿಲಿಮೀಟರ್ ದಪ್ಪ ಇರಲಿ.

ಈಗ ಅಂಟು. ಮೋಚಿಗಳು ಸಲ್ಯೂಷನ್ ಎನ್ನುವ ಹಳದಿ ಬಣ್ಣದ ರಬ್ಬರ್ ಅಂಟು, ನಿಯೋಪ್ರೀನ್ ಜಾತಿಯದು, 250 ಮಿಲಿಲೀಟರ್ ಡಬ್ಬಿ ಒಂದು ಜೊತೆಗೆ ಸಾಕು, ಸ್ವಲ್ಪ ಉಳಿಯುತ್ತದೆ. ಸೈಕಲ್ ಟ್ಯೂಬಿನ ಪಂಕ್ಚರ್ ಸಲ್ಯೂಷನ್ ಬೇರೆ ವಸ್ತು, ಇಲ್ಲಿಗೆ ಆಗುವುದಿಲ್ಲ. ಫೆವಿಕ್ವಿಕ್ ತರಹದ ಅಂಟು ಒಣಗಿದರೆ ಗಾಜಿನಂತೆ ಬಿರುಸು. ಒಂದು ಕಿಲೋಮೀಟರ್ ನಡೆದರೆ ಒಂದೊಂದು ಬೂಟೂ ಆರುನೂರಕ್ಕೂ ಹೆಚ್ಚು ಸಲ ಮಡಿಯುತ್ತದೆ, ಬಿರುಸಾದ ಅಂಟು ಅಲ್ಲೇ ಬಿರಿಯುತ್ತದೆ. ಎಂ-ಸೀಲ್‌ನಂಥ ಎಪಾಕ್ಸಿಗೂ ಇದೇ ಮಾತು.

ಆದರೆ ಅಟ್ಟೆ ಯಾವುದರದು ಎಂದು ತಿಳಿದ ಮೇಲೆಯೇ ಅಂಟು ಕೊಳ್ಳಿ. ಸೂಜಿಯನ್ನು ಕೆಂಪಗೆ ಕಾಯಿಸಿ ಅಟ್ಟೆಯ ಕಾಣದ ಮೂಲೆಗೆ ಚುಚ್ಚಿ. ಕರಗಿ ಸೂಜಿ ಸಲೀಸಾಗಿ ಒಳಹೋದರೆ ಅದು ಟಿಪಿಆರ್ (ಕಾಯಿಸಿದರೆ ಕರಗುವ, ರಬ್ಬರಿನಂಥ ಪ್ಲಾಸ್ಟಿಕ್) ಇಲ್ಲವೇ ಪಿವಿಸಿ. ಸುಟ್ಟ ಟಯರಿನ ವಾಸನೆ ಬಂದು ಕರಗದೆ ನಿಂತರೆ ನಿಜವಾದ ರಬ್ಬರು. ನಿಜವಾದ ರಬ್ಬರಿಗೆ ಹಳದಿ ಸಲ್ಯೂಷನ್ ಸರಿ. ಪಿವಿಸಿಗೆ ಪಿಯು ಸಲ್ಯೂಷನ್ ಬೇಕು, ಯಾಕೆಂದರೆ ಪಿವಿಸಿಯೊಳಗಿನ ಎಣ್ಣೆಯಂಥ ದ್ರವ್ಯ ಹೊರಗೆ ಬರುತ್ತ ಹಳದಿ ಅಂಟನ್ನು ಮೆತ್ತಗೆ ಮಾಡಿಬಿಡುತ್ತದೆ. ಟಿಪಿಆರ್‌ಗೆ ಪಿಯು ಸಲ್ಯೂಷನ್ ಜೊತೆ ಅದರದೇ ಪ್ರೈಮರ್ (ಅಂಟಿಗಿಂತ ಮೊದಲು ಹಚ್ಚುವ ದ್ರವ) ಕೂಡ ಬೇಕು. ಮನೆಯಲ್ಲಿ ಮೊದಲ ಸಲ ಮಾಡುವವರು ರಬ್ಬರ್ ಅಟ್ಟೆಯನ್ನೇ ಹಿಡಿಯುವುದು ಒಳ್ಳೆಯದು.

ಉಳಿದದ್ದು ಮನೆಯಲ್ಲೇ ಇರುತ್ತದೆ, ಇಲ್ಲವೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ: 60 ಮತ್ತು 120 ನಂಬರಿನ ಪಾಲಿಶ್ ಪೇಪರು, ತಂತಿ ಬ್ರಶ್ಶು, ಪಕ್ಕಡ, ಹರಿತ ಚಾಕು, ಒಂದಿಂಚಿನ ಬ್ರಶ್ಶು ಎರಡು, ಹೇರ್ ಡ್ರೈಯರ್, ಗುಂಡು ತಲೆಯ ಸುತ್ತಿಗೆ, ಎರಡು ಹಳೆಯ ಸೈಕಲ್ ಟ್ಯೂಬು, ಎರಡು ಬಟ್ಟೆಯ ಚೀಲದಲ್ಲಿ ಒಣ ಉಸುಕು. ಪ್ಯಾಟಿಯಲ್ಲಿ ಸಿಗುವ ನೈಟ್ರೈಲ್ ಗ್ಲೌಸ್ ಒಂದು ಜೊತೆ. ಸಲ್ಯೂಷನ್ ಬೇಗ ಬೆಂಕಿ ಹಿಡಿಯುವ ವಸ್ತು, ಅದರ ಆವಿ ತಲೆ ಸುತ್ತಿಸುತ್ತದೆ. ಅಡುಗೆಮನೆಯ ಹತ್ತಿರ ಬೇಡ, ದೇವರ ದೀಪ ಹಚ್ಚಿದ ಕೋಣೆಯೂ ಬೇಡ. ಪಡಸಾಲೆಯೋ ಮಾಳಿಗೆಯ ನೆರಳೋ ಆದರೆ ಸರಿ.

ಹಳೆಯದನ್ನು ತೆಗೆಯುವುದು

ಏನನ್ನೂ ಕೀಳುವ ಮೊದಲು ಎರಡು ಕೆಲಸ ಮಾಡಿ. ಒಂದು: ಹಳೆಯ ಅಟ್ಟೆಯ ಮೇಲಂಚು ಅಪ್ಪರಿಗೆ ಎಲ್ಲಿ ತಾಗುತ್ತದೆಯೋ ಅಲ್ಲಿ ಸುತ್ತಲೂ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಉಜ್ಜುವುದು, ಅಂಟು ಹಚ್ಚುವುದು ಈ ಗೆರೆಯ ಕೆಳಗೆ ಮಾತ್ರ. ಎರಡು: ಫೋಮಿನ ದಪ್ಪವನ್ನು ಹಿಮ್ಮಡಿಯ ನಡುವೆ ಮತ್ತು ಹೆಬ್ಬೆರಳ ಬುಡದಲ್ಲಿ ಅಳೆದು ಬರೆದಿಡಿ. ಉದಾಹರಣೆಗೆ ಹಿಮ್ಮಡಿಯಲ್ಲಿ 22, ಮುಂದೆ 12 ಮಿಲಿಮೀಟರ್. ಈ ಎರಡರ ವ್ಯತ್ಯಾಸವೇ ಬೂಟಿನ ಓಟ, ಅಂದರೆ ಹಿಮ್ಮಡಿಯಿಂದ ಮುಂದಕ್ಕೆ ಇರುವ ಇಳಿಜಾರು. ಅಪ್ಪರನ್ನು ಆ ಓಟಕ್ಕೇ ಹೊಲಿದಿರುತ್ತಾರೆ. ಎಲ್ಲ ಕಡೆ ಒಂದೇ ದಪ್ಪದ ಹಾಳೆ ಹಾಕಿದರೆ ಬೂಟು ಹಿಂದಕ್ಕೆ ವಾಲಿದಂತಾಗಿ ಮೀನಖಂಡ ನೋಯುತ್ತದೆ, ಬೆರಳಿನ ತುದಿ ಮೇಲೆದ್ದು ನಿಲ್ಲುತ್ತದೆ.

ಕಳಚಿದ ಕಡೆಯಿಂದಲೇ ಶುರು ಮಾಡಿ. ಹೇರ್ ಡ್ರೈಯರಿನಿಂದ ಒಂದೊಂದು ಕೈಯಗಲ ಜಾಗವನ್ನು ಎರಡು ಮೂರು ನಿಮಿಷ ಕಾಯಿಸಿ, ಪಕ್ಕಡದಿಂದ ಹಿಡಿದು ನಿಧಾನಕ್ಕೆ ಸುಲಿಯಿರಿ. ಹೀಟ್ ಗನ್ ಇದ್ದರೆ ಅತಿ ಕಡಿಮೆ ಬಿಸಿಯಲ್ಲಿ, 10 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಬೆರಳಿನ ತುದಿಯ ಹತ್ತಿರ ಅವಸರ ಬೇಡ. ಅಲ್ಲಿ ಅಪ್ಪರ್ ಸುತ್ತಲಿನ ರಬ್ಬರ್ ಪಟ್ಟಿಯೂ ಅಟ್ಟೆಯ ಜೊತೆ ಕಿತ್ತು ಬರುತ್ತದೆ.

ಫೋಮಿನ ನಡುವೆ ನೈಲಾನಿನದೋ ಉಕ್ಕಿನದೋ ಒಂದು ಪಟ್ಟಿ ಸಿಗಬಹುದು. ಅದು ಶ್ಯಾಂಕ್. ಎಸೆಯಬೇಡಿ, ಅದು ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಗುರುತು ಮಾಡಿಡಿ.

ಅಟ್ಟೆ ಬಂದ ಮೇಲೆ ಉಳಿಯುವ ಫೋಮಿನ ಪದರವೇ ಈ ಇಡೀ ಕೆಲಸದ ಶತ್ರು. ಕಣ್ಣಿಗೆ ತೆಳ್ಳಗೆ, ಬೂದು ಬಣ್ಣದ ಧೂಳಿನಂತೆ ಕಾಣುತ್ತದೆ, ಕೆಲವು ಕಡೆ ಜಿಗುಟಾಗಿರುತ್ತದೆ. ಮೊದಲು ಚಾಕುವಿನ ಬೆನ್ನಿನಿಂದ ಕೆರೆಯಿರಿ, ಆಮೇಲೆ ತಂತಿ ಬ್ರಶ್ಶು, ಕೊನೆಗೆ 60ರ ಪೇಪರು. ಪುಡಿ ಬರುವುದು ನಿಂತು, ಹಲಗೆಯದೋ ರಬ್ಬರಿನದೋ ನಿಜವಾದ ಮೈ ಕಾಣುವ ತನಕ ಬಿಡಬೇಡಿ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಬೂದಿ ಹತ್ತಬಾರದು. ಒಂದೊಂದು ಬೂಟಿಗೆ ಒಂದು ತಾಸು ಹಿಡಿದರೂ ಹಿಡಿಯಲಿ. ಮೋಚಿಯ ಹತ್ತಿರ ಕೊಡುವುದಾದರೂ ಈ ಮಾತನ್ನು ಮೊದಲೇ ಹೇಳಿಬಿಡಿ: “ಅಣ್ಣಾರ, ಹಳೇ ಫೋಮ್ ಪೂರ್ತಿ ತಗದು ಹಾಕ್ರಿ, ಆಮ್ಯಾಲೆ ಪೇಸ್ಟಿಂಗ್ ಮಾಡ್ರಿ. ಅದಕ್ಕ ಬ್ಯಾರೆ ರೊಕ್ಕ ಕೊಡ್ತೀನಿ.” ಕೆರೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ಅದರ ಕೂಲಿಯನ್ನೂ ಕೊಡುವುದು ನ್ಯಾಯ.

ಕೊನೆಗೆ ಅಸಿಟೋನ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ, ಬೇಗ ಒಣಗಲು ಬಿಡಿ. ಸುರಿಯಬೇಡಿ, ಅಪ್ಪರನ್ನು ಹಲಗೆಗೆ ಹಿಡಿದಿಟ್ಟ ಅಂಟೂ ಕರಗುತ್ತದೆ. ಉಗುರುಬಣ್ಣ ತೆಗೆಯುವ ಬಾಟಲಿಯಲ್ಲಿ ಎಷ್ಟೋ ಸಲ ಎಣ್ಣೆಯ ಅಂಶ ಬೆರೆತಿರುತ್ತದೆ, ಅದು ಬೇಡ.

ಇವಿಎ ಕತ್ತರಿಸಿ ರೂಪ ಕೊಡುವುದು

ಬೂಟಿನೊಳಗೆ ಉಸುಕಿನ ಚೀಲವನ್ನು ಬೆರಳಿನ ತುದಿಯವರೆಗೂ ತುರುಕಿ ಲೇಸು ಬಿಗಿಯಿರಿ. ಒಳಗೆ ಕಾಲಿದ್ದಂತೆ ಬೂಟು ತುಂಬಿ ನಿಲ್ಲಬೇಕು. ಖಾಲಿ ಬೂಟಿಗೆ ಅಂಟಿಸಿದ ಅಟ್ಟೆ ಕಾಲು ಹಾಕಿದೊಡನೆ ಅಂಚಿನಲ್ಲಿ ಎಳೆಯುತ್ತದೆ.

ರಟ್ಟಿನ ಮೇಲೆ ಬೂಟಿನ ತಳದ ನಕಲು ತೆಗೆದು, ಅದಕ್ಕಿಂತ ಸುತ್ತಲೂ 5 ಮಿಲಿಮೀಟರ್ ಹೆಚ್ಚು ಬಿಟ್ಟು 12ರ ಹಾಳೆಯನ್ನು ಕತ್ತರಿಸಿ. ಎಡ ಬಲ ಗುರುತು ಹಾಕಿಕೊಳ್ಳಿ, ಒಂದೇ ಕಡೆಯ ಎರಡು ತುಂಡು ಕತ್ತರಿಸಿಕೊಂಡು ಕೂರುವುದು ಬಹಳ ಸಾಮಾನ್ಯವಾದ ತಪ್ಪು. 10ರ ಹಾಳೆಯಿಂದ ಹಿಮ್ಮಡಿಯ ತುಂಡು: ಹಿಂದಿನಿಂದ ಸುಮಾರು 16 ಸೆಂಟಿಮೀಟರ್ ಉದ್ದ. ಮೊದಲ 8 ಸೆಂಟಿಮೀಟರ್ ಪೂರ್ತಿ ದಪ್ಪ, ಅಲ್ಲಿಂದ ಮುಂದಕ್ಕೆ ಇಳಿಯುತ್ತ ಬಂದು ಕಾಗದದಷ್ಟು ತೆಳ್ಳಗೆ ಮುಗಿಯಬೇಕು. ಚಾಕುವಿನ ಅಲಗನ್ನು ಸಾಬೂನು ನೀರಿಗೆ ಅದ್ದಿ, ಉದ್ದುದ್ದ ಎಳೆತದಲ್ಲಿ ಸವರಿದರೆ ಇವಿಎ ಸಲೀಸಾಗಿ ಕೊಯ್ಯುತ್ತದೆ. ಆಮೇಲೆ ತುಂಡನ್ನು ತೊಳೆದು ಪೂರ್ತಿ ಒಣಗಿಸಿ. ಮೆಟ್ಟಿಲಿನಂತೆ ಒಮ್ಮೆಲೇ ಮುಗಿಸಿದರೆ ಆ ಅಂಚು ಪಾದದ ಕಮಾನಿನ ಕೆಳಗೆ ಗೆರೆಯಂತೆ ಒತ್ತುತ್ತಲೇ ಇರುತ್ತದೆ.

ಶ್ಯಾಂಕ್ ಕೂರಿಸುವ ಜಾಗ ಬಹಳ ಮುಖ್ಯ. ನಡೆಯುವಾಗ ಕಾಲು ಮಡಿಯುವುದು ಹೆಬ್ಬೆರಳ ಬುಡದಲ್ಲಿ, ಅಂದರೆ ಹಿಮ್ಮಡಿಯಿಂದ ಪಾದದ ಉದ್ದದ ನೂರರಲ್ಲಿ ಸುಮಾರು 70 ಭಾಗದಲ್ಲಿ. 27 ಸೆಂಟಿಮೀಟರ್ ಪಾದಕ್ಕೆ 19ರ ಹತ್ತಿರ. ಶ್ಯಾಂಕ್ ಹಿಮ್ಮಡಿಯ ನಡುವಿನಿಂದ ಶುರುವಾಗಿ ಈ ಗೆರೆಗಿಂತ 2 ಸೆಂಟಿಮೀಟರ್ ಹಿಂದೆಯೇ ನಿಲ್ಲಬೇಕು. ಗೆರೆ ದಾಟಿ ಮುಂದೆ ಹೋದರೆ ಬೂಟು ಮಡಿಯುವುದಿಲ್ಲ. ಬೂಟು ಮಡಿಯದಿದ್ದರೆ ಹಿಮ್ಮಡಿ ಒಳಗೇ ಮೇಲೆದ್ದು ಉಜ್ಜಿ ಬೊಬ್ಬೆ ಬರುತ್ತದೆ. ಶ್ಯಾಂಕ್ ಇಲ್ಲವೇ ಇಲ್ಲದಿದ್ದರೆ ಕಲ್ಲಿನ ಅಂಚಿನ ಮೇಲೆ ಕಾಲಿಟ್ಟಾಗ ಕಮಾನಿನ ಹತ್ತಿರ ಮಡಿದು ಪಾದ ನೋಯುತ್ತದೆ. ಶ್ಯಾಂಕಿನ ದಪ್ಪದಷ್ಟೇ ಆಳದ ಗುಳಿಯನ್ನು ಇವಿಎಯಲ್ಲಿ ಕೊರೆದು ಅದರಲ್ಲಿ ಕೂರಿಸಿ, ಮೇಲಕ್ಕೆ ಉಬ್ಬಿ ನಿಲ್ಲಬಾರದು.

ಇನ್ನು ಮುಂಭಾಗದ ಬಾಗು. ಬೂಟನ್ನು ಸಮ ನೆಲದ ಮೇಲಿಟ್ಟರೆ ಬೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮೇಲೆದ್ದಿರುತ್ತದೆ. ಚಪ್ಪಟೆ ಹಾಳೆಯನ್ನು ಆ ಬಾಗಿಗೆ ಬರೀ ಅಂಟಿನ ಬಲದಿಂದ ಹಿಡಿಸಿದರೆ, ಹಾಳೆ ಹಗಲು ರಾತ್ರಿ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದೆ, ಮೊದಲು ಬಾಯಿ ಬಿಡುವುದೂ ಅಲ್ಲಿಯೇ. ಅಂಟು ಹಚ್ಚುವ ಮೊದಲೇ ಮುಂಭಾಗವನ್ನು ಡ್ರೈಯರಿನಿಂದ ಕಾಯಿಸಿ, ಬೂಟಿಗೆ ಒತ್ತಿ ಟ್ಯೂಬು ಸುತ್ತಿ, ಆರುವ ತನಕ ಬಿಡಿ. ಬಿಚ್ಚಿದಾಗ ಹಾಳೆ ತಾನಾಗಿಯೇ ಬಾಗಿಕೊಂಡಿರಬೇಕು. ಹೆಚ್ಚು ಕಾಯಿಸಿದರೆ ಇವಿಎ ಮುದುಡಿ ಸಣ್ಣದಾಗುತ್ತದೆ, ಅಂಗೈ ತಾಳುವುದಕ್ಕಿಂತ ಸ್ವಲ್ಪವೇ ಹೆಚ್ಚು ಬಿಸಿ ಸಾಕು.

ಪೇಸ್ಟಿಂಗ್

ಅಂಟು ತಾಗುವ ಪ್ರತಿಯೊಂದು ಮೈಯನ್ನೂ 60ರ ಪೇಪರಿನಿಂದ ಉಜ್ಜಿ. ಇವಿಎಯ ಹೊಳೆಯುವ ಹೊರಪದರ ಹೋಗಬೇಕು. ಹೊಸ ರಬ್ಬರ್ ಅಟ್ಟೆಗೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇರುತ್ತದೆ, ಹೊಳಪು ಎಲ್ಲಿಯೂ ಉಳಿಯದಂತೆ ಮಂಕಾಗುವವರೆಗೆ ಉಜ್ಜಿ ಧೂಳು ಒರೆಸಿ. ಉಜ್ಜಿದ ಮೇಲೆ ಬೆರಳು ತಾಗಿಸಬೇಡಿ.

ಸಲ್ಯೂಷನ್ನನ್ನು ಎರಡೂ ಮೈಗೆ ಹಚ್ಚಬೇಕು, ತೆಳ್ಳಗೆ, ಎರಡು ಸಲ. ಮೊದಲ ಕೋಟನ್ನು ಇವಿಎ ಮತ್ತು ಹಲಗೆ ಕುಡಿದುಬಿಡುತ್ತವೆ, ಅರ್ಧ ತಾಸು ಬಿಡಿ. ಎರಡನೆಯದು ಹಚ್ಚಿ 10ರಿಂದ 15 ನಿಮಿಷ. ಬೆರಳಿನ ಗೆಣ್ಣನ್ನು ತಾಗಿಸಿ ಎತ್ತಿದರೆ ಅಂಟು ದಾರದಂತೆ ಎಳೆದು ಬರಬಾರದು, ಮೆಲ್ಲಗೆ ಹಿಡಿದು ಬಿಟ್ಟಂತೆ ಅನಿಸಬೇಕು. ಆ ಹದಕ್ಕೆ ಬಂದಾಗ ಎರಡೂ ಮೈಯನ್ನು ಡ್ರೈಯರಿನಿಂದ ಒಂದೆರಡು ನಿಮಿಷ ಕಾಯಿಸಿ, ಕೂಡಲೇ ಕೂಡಿಸಿ. ಈ ಕಾವಿನಿಂದ ಒಣಗಿದ ಅಂಟು ಮತ್ತೆ ಜೀವ ಬಂದಂತೆ ಹಿಡಿಯುತ್ತದೆ.

ಹವೆ ಇಲ್ಲಿ ಬಹಳ ಕೆಲಸ ಮಾಡುತ್ತದೆ. ಜುಲೈ ಆಗಸ್ಟ್‌ನಲ್ಲಿ ಧಾರವಾಡದ ಜಿಟಿಜಿಟಿ ಮಳೆಯೊಳಗೆ ಅಂಟು ಹಚ್ಚಿದರೆ, ಅದರ ದ್ರವ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕಣ್ಣಿಗೆ ಹಾಲಿನ ಕೆನೆಯಂಥ ಮಬ್ಬು ಕಾಣಿಸಬಹುದು. ಆ ಮಬ್ಬಿನ ಮೇಲೆ ಕೂಡಿಸಿದ್ದು ನಿಲ್ಲುವುದಿಲ್ಲ, ಡ್ರೈಯರಿನಿಂದ ಅದು ಹೋಗುವ ತನಕ ಒಣಗಿಸಲೇಬೇಕು. ಗದಗ, ಹಾವೇರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಇದರ ತಿರುಗುಮುರುಗು: ಮೇಲ್ಮೈ ಐದಾರು ನಿಮಿಷಕ್ಕೇ ಕೆನೆಗಟ್ಟಿ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ ಉಳಿದು ಆಮೇಲೆ ಗುಳ್ಳೆ ಏಳುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತು, ಇನ್ನೂ ತೆಳ್ಳಗೆ ಹಚ್ಚಿ. ನಮ್ಮ ಲೆಕ್ಕದಲ್ಲಿ ದೀಪಾವಳಿ ಕಳೆದ ಮೇಲಿನಿಂದ ಫೆಬ್ರವರಿವರೆಗಿನ ದಿನಗಳು ಈ ಕೆಲಸಕ್ಕೆ ಎಲ್ಲಕ್ಕಿಂತ ಅನುಕೂಲ.

ಕೂಡಿಸುವ ಕ್ರಮ: ಮೊದಲು ಹಿಮ್ಮಡಿಯ ತುಂಡು ಮತ್ತು ಶ್ಯಾಂಕ್ ಇವಿಎ ಹಾಳೆಗೆ, ಆಮೇಲೆ ಹಾಳೆ ಬೂಟಿಗೆ, ಅಂಚು ಸವರಿ ಸರಿಮಾಡಿ, ಕೊನೆಗೆ ರಬ್ಬರ್ ಅಟ್ಟೆ. ಸಲ್ಯೂಷನ್ ಒಮ್ಮೆ ತಾಗಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ಅದಕ್ಕೆ ಬೂಟಿಗೂ ಹಾಳೆಗೂ ತುದಿ ಮತ್ತು ಹಿಮ್ಮಡಿಯ ನಡುಗೆರೆ ಮೊದಲೇ ಹಾಕಿಕೊಳ್ಳಿ. ಎರಡರ ನಡುವೆ ಬಟರ್ ಪೇಪರ್ ಇಟ್ಟು, ಬೆರಳಿನ ತುದಿಯ ಗೆರೆ ಕೂಡಿಸಿ ಒತ್ತಿ, ಪೇಪರನ್ನು ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಹಿಮ್ಮಡಿಯವರೆಗೆ ಬನ್ನಿ. ಒಣಗಿದ ಅಂಟು ಬಟರ್ ಪೇಪರಿಗೆ ಹಿಡಿಯುವುದಿಲ್ಲ.

ಈಗ ಸುತ್ತಿಗೆ. ನಡುವಿನಿಂದ ಅಂಚಿಗೆ, ಒಂದು ಚೂರು ಜಾಗವೂ ಬಿಡದಂತೆ ಬಡಿಯಿರಿ. ಈ ಅಂಟಿಗೆ ಎಷ್ಟು ಹೊತ್ತು ಒತ್ತಿದಿರಿ ಎನ್ನುವುದಕ್ಕಿಂತ ಎಷ್ಟು ಜೋರಾಗಿ ಒತ್ತಿದಿರಿ ಎನ್ನುವುದು ದೊಡ್ಡದು. ಆಮೇಲೆ ಸೈಕಲ್ ಟ್ಯೂಬನ್ನು ವಾಲ್ವಿನ ಹತ್ತಿರ ಕತ್ತರಿಸಿ ಉದ್ದ ಪಟ್ಟಿ ಮಾಡಿಕೊಂಡು, ಮುರಿದ ಕಾಲಿಗೆ ಪಟ್ಟಿ ಕಟ್ಟುವಂತೆ ತುದಿಯಿಂದ ಹಿಮ್ಮಡಿಯವರೆಗೆ ಎಳೆದೆಳೆದು ಸುತ್ತಿ. ಕಮಾನಿನ ಕಡೆ ಅಟ್ಟೆ ಒಳಕ್ಕೆ ಬಾಗಿರುವುದರಿಂದ ಟ್ಯೂಬು ಅಲ್ಲಿ ತಾಗದೆ ಸೇತುವೆಯಂತೆ ನಿಲ್ಲುತ್ತದೆ. ಅಲ್ಲಿ ಬಟ್ಟೆಯ ಗಂಟೊಂದನ್ನು ಇಟ್ಟು ಅದರ ಮೇಲೆ ಸುತ್ತಿ. 24 ತಾಸು ಹಾಗೆಯೇ ಬಿಡಿ. ನೀರಿಗೆ ಇಳಿಯುವುದು ಮೂರು ದಿನದ ಮೇಲೆ.

ಎಲ್ಲಾದರೂ ಬಿಟ್ಟರೆ, ಮತ್ತೆ ಅಂಟು ಸುರಿಯುವ ಮೊದಲು ಬಿಟ್ಟ ಜಾಗವನ್ನು ತೆರೆದು ನೋಡಿ. ತಪ್ಪು ಏನೆಂದು ಅಂಟೇ ಹೇಳುತ್ತದೆ. ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಮೈ ನುಣ್ಣಗೆ ಖಾಲಿ ಇದ್ದರೆ, ಆ ಖಾಲಿ ಮೈಯನ್ನು ಸರಿಯಾಗಿ ಉಜ್ಜಿಲ್ಲ, ಇಲ್ಲವೇ ಜಿಡ್ಡಿತ್ತು. ಎರಡೂ ಕಡೆ ಅಂಟಿದ್ದು ಇನ್ನೂ ಮೆತ್ತಗೆ ಎಳೆ ಎಳೆಯಾಗಿ ಬಂದರೆ, ಒಣಗುವ ಮೊದಲೇ ಕೂಡಿಸಿದ್ದೀರಿ. ಎರಡೂ ಕಡೆ ಒಣ ಅಂಟು ಹೊಳೆಯುತ್ತ ಒಂದಕ್ಕೊಂದು ಹಿಡಿದೇ ಇಲ್ಲವೆಂದರೆ, ಅತಿಯಾಗಿ ಒಣಗಿದೆ ಅಥವಾ ಒತ್ತಡ ಬಿದ್ದಿಲ್ಲ. ಅಂಥ ಜಾಗವನ್ನು ಕಾಯಿಸಿ ಬಡಿದರೆ ಎಷ್ಟೋ ಸಲ ಹಾಗೆಯೇ ಹಿಡಿಯುತ್ತದೆ. ಅಂಟು ಗಟ್ಟಿಯಾಗಿಯೇ ಇದ್ದು ಫೋಮೇ ಹರಿದು ಬಂದಿದ್ದರೆ ನಿಮ್ಮ ಪೇಸ್ಟಿಂಗ್‌ನಲ್ಲಿ ತಪ್ಪಿಲ್ಲ, ಹಾಳೆ ಮೆತ್ತಗಿನದು. ಪುಡಿ ಹತ್ತಿದ ಅಂಟು ಕಂಡರೆ ಹಳೆಯ ಪಿಯು ಉಳಿದುಬಿಟ್ಟಿತ್ತು ಎಂದೇ ಅರ್ಥ.

ಹೊಲಿಗೆ ಬೇಕೇ

ಹೆಚ್ಚಿನ ಬೂಟಿಗೆ ಬೇಡ. ಒಳಗೆ ನೀರು ತಡೆಯುವ ಪೊರೆ ಇರುವ ಬೂಟಿಗಂತೂ ಬೇಡವೇ ಬೇಡ, ಒಂದೊಂದು ತೂತೂ ನೀರಿಗೆ ದಾರಿ. ಅಟ್ಟೆಗೆ ಸುತ್ತಲೂ ಮೇಲೆದ್ದ ಗೋಡೆ ಇದ್ದು, ಅಪ್ಪರ್ ಬರೀ ಚರ್ಮದ್ದಾಗಿದ್ದರೆ, ಬೆರಳಿನ ತುದಿಯಲ್ಲಿ ಎಂಟು ಹತ್ತು ಹೊಲಿಗೆ ಹಾಕಿಸಿದರೆ ಗಟ್ಟಿ. ಕೊಕ್ಕೆಯಿರುವ ಆರಿ, ಮೇಣ ಹಚ್ಚಿದ 1 ಮಿಲಿಮೀಟರ್ ನೈಲಾನ್ ದಾರ, ಹೊಲಿಗೆಯ ಉದ್ದದ ನಾಲ್ಕು ಪಟ್ಟು. ತೂತಿನಿಂದ ತೂತಿಗೆ 8 ಮಿಲಿಮೀಟರ್ ಬಿಡಿ. ಹತ್ತಿರ ಹತ್ತಿರ ಚುಚ್ಚಿದರೆ ಅಂಚೆ ಚೀಟಿಯಂತೆ ಆ ಗೆರೆಗುಂಟ ಹರಿಯುತ್ತದೆ. ಕೈ ಪಳಗದವರು ಇಷ್ಟನ್ನು ಮೋಚಿಯ ಹತ್ತಿರವೇ ಹಾಕಿಸಿ, ಅವರ ಹತ್ತು ನಿಮಿಷದ ಕೆಲಸ.

ಕಾಲಿಗೆ ಹೊಂದಿಸುವುದು

ಅಟ್ಟೆ ಬದಲಾದ ಬೂಟು ಮೊದಲಿನಂತೆಯೇ ಕಾಲಿಗೆ ಕೂರುವುದಿಲ್ಲ, ಇಲ್ಲಿ ಸಣ್ಣಪುಟ್ಟ ತಿದ್ದುಪಡಿ ಬೇಕಾಗುತ್ತದೆ. ಹಿಂದಿನ ಕತ್ತು ಹಿಮ್ಮಡಿಯ ನರಕ್ಕೆ ಒತ್ತುತ್ತಿದ್ದರೆ ಮೇಲಂಚಿನ ನಡುವೆ ಇಂಗ್ಲಿಷಿನ ವಿ ಆಕಾರದಲ್ಲಿ 25 ಮಿಲಿಮೀಟರ್ ಆಳ ಕತ್ತರಿಸಿ. ಕತ್ತರಿಸುವ ಮೊದಲು ಕೆಳತುದಿಯಲ್ಲಿ 5 ಮಿಲಿಮೀಟರ್ ಗುಂಡು ತೂತು ಮಾಡಿಕೊಳ್ಳಿ. ಚೂಪು ತುದಿಯಲ್ಲಿ ಬಿಟ್ಟರೆ ಸೀಳು ಕೆಳಕ್ಕೆ ಓಡುತ್ತದೆ, ಗುಂಡು ತೂತು ಅದನ್ನು ತಡೆಯುತ್ತದೆ. ಅಂಚಿಗೆ ಮೆತ್ತನೆಯ ಚರ್ಮದ ಪಟ್ಟಿ ಮಡಿಸಿ ಹೊಲಿಯಿರಿ.

ಇಳಿಜಾರಿನಲ್ಲಿ ಉಗುರು ಮುಂದಕ್ಕೆ ಬಡಿಯುತ್ತಿದ್ದರೆ ಮೊದಲು ಲೇಸು ನೋಡಿ. ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗವಿದ್ದೂ ಬಡಿಯುತ್ತಿದ್ದರೆ ಪಾದ ಮುಂದಕ್ಕೆ ಜಾರುತ್ತಿದೆ ಎಂದರ್ಥ. ಪಾದದ ಮಣಿಕಟ್ಟಿನ ಹತ್ತಿರ ಲೇಸಿಗೆ ಎರಡು ಸುತ್ತಿನ ಗಂಟು ಹಾಕಿ ಬಿಗಿದರೆ ನಿಲ್ಲುತ್ತದೆ. ಜಾಗವೇ ಇಲ್ಲದಿದ್ದರೆ, ಚರ್ಮದ ಬೂಟನ್ನು ಆ ಜಾಗದಲ್ಲಿ ಬಿಸಿನೀರಿನ ಬಟ್ಟೆಯಿಂದ ನೆನೆಸಿ, ಕಟ್ಟಿಗೆಯ ಗುಂಡು ತುಂಡೊಂದನ್ನು ಒಳಗೆ ಬಿಗಿಯಾಗಿ ತುರುಕಿ ಎರಡು ದಿನ ಬಿಡಿ. ಉಕ್ಕಿನ ಬೆರಳುಗಾಪಿರುವ ಸೇಫ್ಟಿ ಶೂ ಹೀಗೆ ಹಿಗ್ಗುವುದಿಲ್ಲ, ಅದಕ್ಕೆ ದೊಡ್ಡ ನಂಬರೇ ಮದ್ದು.

ಮೊದಲ ನಡಿಗೆ ಮತ್ತು ಆಮೇಲೆ

ಮೊದಲ ಸಲ ಐದಾರು ಕಿಲೋಮೀಟರ್ ಊರೊಳಗೇ ನಡೆಯಿರಿ. ಧಾರವಾಡದವರಿಗೆ ವಿಶ್ವವಿದ್ಯಾಲಯದ ಏರು, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಸಾಕು. ಬಂದೊಡನೆ ಬೆರಳಿನ ತುದಿ, ಕಮಾನಿನ ಒಳಬದಿ ಇವೆರಡನ್ನೂ ಉಗುರಿನಿಂದ ಎತ್ತಿ ನೋಡಿ. ಬಿಡುವುದಿದ್ದರೆ ಮೊದಲು ಬಿಡುವುದು ಅಲ್ಲೇ.

ಎರೆಮಣ್ಣು ಹಸಿ ಇರುವಾಗಲೇ ಕಡ್ಡಿಯಿಂದ ಕೆರೆದು ತೊಳೆಯಿರಿ, ಒಣಗಿದರೆ ಹಲ್ಲಿನ ಸಂದಿನಲ್ಲಿ ಇಟ್ಟಂಗಿಯಾಗುತ್ತದೆ. ಒಳಗೆ ಪೇಪರ್ ತುರುಕಿ ನೆರಳಿನ ಗಾಳಿಗೆ ಇಡಿ. ಒಲೆಯ ಪಕ್ಕ, ಏಪ್ರಿಲ್ ಬಿಸಿಲಿನ ಮಾಳಿಗೆ, ನಿಲ್ಲಿಸಿದ ಕಾರಿನ ಡಿಕ್ಕಿ ಮೂರೂ ಬೇಡ. ಯಾವ ಕಾವಿಗೆ ಈ ಅಂಟು ಹಿಡಿಯಿತೋ ಅದೇ ಕಾವಿಗೆ ಸಡಿಲವೂ ಆಗುತ್ತದೆ.

ದೂರದ ನಡಿಗೆಗೆ ಹೋಗುವಾಗ, ಹೊಸ ಬೂಟೇ ಇದ್ದರೂ, ಸೈಕಲ್ ಟ್ಯೂಬಿನ ಒಂದು ಮೀಟರ್ ಪಟ್ಟಿ ಎರಡು ಮತ್ತು 3 ಮೀಟರ್ ನೈಲಾನ್ ಹಗ್ಗ ಚೀಲದಲ್ಲಿರಲಿ. ಅಟ್ಟೆ ಕಳಚಿದರೆ ಹೆಬ್ಬೆರಳ ಬುಡದಲ್ಲಿ ಒಂದು ಪಟ್ಟಿ, ಕಮಾನಿನ ಹತ್ತಿರ ಒಂದು ಪಟ್ಟಿ ಬಿಗಿದು ಸುತ್ತಿ, ಅದರ ಮೇಲೆ ಹಗ್ಗವನ್ನು ಅಡ್ಡಡ್ಡ ಎಳೆದು ಕಾಲಿನ ಗಂಟಿಗೆ ಕಟ್ಟಿದರೆ ಐದಾರು ಕಿಲೋಮೀಟರ್ ಇಳಿದು ರಸ್ತೆ ಸೇರಬಹುದು. ಗಂಟು ಅಟ್ಟೆಯ ಕೆಳಗೆ ಬರದಂತೆ ಪಾದದ ಮೇಲ್ಭಾಗದಲ್ಲಿ ಹಾಕಿ, ಕೆಳಗೆ ಬಂದದ್ದು ಕಲ್ಲಿಗೆ ಉಜ್ಜಿ ಅರ್ಧ ತಾಸಿನಲ್ಲಿ ಹರಿಯುತ್ತದೆ. ಕಳಚಿದ ಅಟ್ಟೆಯನ್ನು ಅಲ್ಲೇ ಬಿಟ್ಟು ಬರಬೇಡಿ, ಮನೆಗೆ ತಂದು ಅದನ್ನೇ ಮತ್ತೆ ಹಚ್ಚಬೇಕು.